ಕೀಲು ಬದಲಿ ಶಸ್ತ್ರಚಿಕಿತ್ಸೆಯ ನಂತರದ ನೋವು: ರೋಗಿಗಳಲ್ಲಿರುವ ನಂಬಿಕೆಗಳು ಮತ್ತು ವಾಸ್ತವಾಂಶಗಳು

1. ಪೀಠಿಕೆ

ಮಂಡಿ ಅಥವಾ ಸೊಂಟದ ಕೀಲು ಸವೆದು ನಡೆದಾಡಲು ಸಾಧ್ಯವಾಗದ ಸ್ಥಿತಿ ತಲುಪಿದವರಿಗೆ ಕೀಲು ಬದಲಿ ಶಸ್ತ್ರಚಿಕಿತ್ಸೆಯು ಇಂದು ಸುಸ್ಥಾಪಿತವಾದ ಚಿಕಿತ್ಸೆಯಾಗಿದೆ. ಇಂಗ್ಲೆಂಡಿನ ವೈದ್ಯರಾದ ಜಾನ್ ಚಾರ್ನ್ಲಿ ಅವರು 1962ರಲ್ಲಿ ಸೊಂಟದ ಕೀಲಿಗೆ ಲೋಹ ಮತ್ತು ಪಾಲಿಥೀನ್ ಬಳಸಿ ರೂಪಿಸಿದ ವಿಧಾನವು ಈ ಶಸ್ತ್ರಚಿಕಿತ್ಸೆಯ ಆಧುನಿಕ ರೂಪಕ್ಕೆ ತಳಹದಿಯಾಯಿತು. ಕೃತಕ ಮಂಡಿ ಕೀಲುಗಳ ಬೆಲೆಯು ಸಾಮಾನ್ಯ ಜನರ ಕೈಗೆಟುಕದಂತಿದ್ದುದನ್ನು ಮನಗಂಡು, ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು 2017ರ ಆಗಸ್ಟ್ ತಿಂಗಳಿನಲ್ಲಿ ಅವುಗಳಿಗೆ ಗರಿಷ್ಠ ಬೆಲೆಯನ್ನು ನಿಗದಿಪಡಿಸಿತು. 2018ರಿಂದ ಸರ್ಕಾರದ ಆರೋಗ್ಯ ರಕ್ಷಣಾ ಯೋಜನೆಗಳು ವಿಸ್ತರಣೆಗೊಂಡ ನಂತರ ಅನೇಕ ಕುಟುಂಬಗಳ ಹಿರಿಯರು ಈ ಶಸ್ತ್ರಚಿಕಿತ್ಸೆಗಾಗಿ ಅರ್ಜಿ ಸಲ್ಲಿಸಲು ಮುಂದೆ ಬರುತ್ತಿದ್ದಾರೆ.

ಅರ್ಜಿ, ಶಿಫಾರಸು ಪತ್ರ, ಅನುಮೋದನೆ ಮುಂತಾದ ವಿಷಯಗಳ ಬಗ್ಗೆ ಸಾರ್ವಜನಿಕರು ಸಾಕಷ್ಟು ವಿಚಾರಿಸುತ್ತಾರೆ. ಆದರೆ ಶಸ್ತ್ರಚಿಕಿತ್ಸೆಯ ನಂತರದ ನೋವನ್ನು ಹೇಗೆ ನಿಭಾಯಿಸಬೇಕು ಎಂಬ ಬಗ್ಗೆ ವಿಚಾರಿಸುವವರು ವಿರಳ. ಶಸ್ತ್ರಚಿಕಿತ್ಸೆ ಸಮರ್ಪಕವಾಗಿ ನೆರವೇರಿದ್ದರೂ, ನೋವಿನ ಬಗೆಗಿನ ಕೆಲವು ನಂಬಿಕೆಗಳ ಕಾರಣದಿಂದ ರೋಗಿಯು ಮಾತ್ರೆ ಬಿಡುವುದು, ವ್ಯಾಯಾಮ ತಪ್ಪಿಸುವುದು ಮತ್ತು ಅದರಿಂದಾಗಿ ಕೀಲು ಬಿಗಿದುಕೊಳ್ಳುವುದು ಕಂಡುಬರುತ್ತದೆ. ಆದ್ದರಿಂದ ಅರ್ಜಿದಾರರು ಹಾಗೂ ಅವರ ಕುಟುಂಬದವರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

2. ಶಸ್ತ್ರಚಿಕಿತ್ಸೆಯ ನಂತರ ನೋವು ಉಂಟಾಗುವುದೇಕೆ?

"ಹೊಸ ಕೀಲು ಲೋಹದ್ದು, ಲೋಹಕ್ಕೆ ನೋವೆಲ್ಲಿಯದು?" ಎಂಬುದು ಹಲವರ ಪ್ರಶ್ನೆ. ಲೋಹಕ್ಕೆ ನೋವಿಲ್ಲ ಎಂಬುದು ನಿಜ. ಆದರೆ ಅದನ್ನು ಕೂರಿಸುವ ಸಲುವಾಗಿ ಚರ್ಮ ಮತ್ತು ಕೀಲಿನ ಪೊರೆಯನ್ನು ಬಿಡಿಸಲಾಗುತ್ತದೆ, ಸವೆದ ಮೂಳೆಯ ತುದಿಗಳನ್ನು ಕತ್ತರಿಸಿ ಹದಗೊಳಿಸಲಾಗುತ್ತದೆ, ಸುತ್ತಲಿನ ಸ್ನಾಯುಗಳನ್ನು ಸರಿಸಲಾಗುತ್ತದೆ. ಈ ಭಾಗಗಳು ಮಾಗುವವರೆಗೆ ನೋವು ಹಾಗೂ ಊತ ಇರುವುದು ಸಹಜ.

ಶಸ್ತ್ರಚಿಕಿತ್ಸೆಯ ದಿನ ರೋಗಿಗೆ ಹೆಚ್ಚು ನೋವು ತಿಳಿಯದೇ ಇರಬಹುದು. ಬೆನ್ನಿಗೆ ನೀಡಿದ ಅರಿವಳಿಕೆ ಚುಚ್ಚುಮದ್ದು ಹಾಗೂ ಕಾಲಿನ ನರದ ಸುತ್ತ ನೀಡಿದ ಮರಗಟ್ಟಿಸುವ ಔಷಧದ ಪ್ರಭಾವವು ಆಗ ಇನ್ನೂ ಉಳಿದಿರುತ್ತದೆ. ಅದು ಇಳಿದ ನಂತರ, ಸಾಮಾನ್ಯವಾಗಿ ಅದೇ ರಾತ್ರಿ ಅಥವಾ ಮರುದಿನ, ನೋವು ಏಕಾಏಕಿ ಹೆಚ್ಚಾದಂತೆ ತೋರುತ್ತದೆ. "ನಿನ್ನೆ ಚೆನ್ನಾಗಿತ್ತು, ಇಂದು ಏನೋ ಕೆಟ್ಟಿದೆ" ಎಂದು ಗಾಬರಿಯಾಗುವುದು ಈ ಹಂತದಲ್ಲಿಯೇ. ಇದು ನಿರೀಕ್ಷಿತವಾದ ಬದಲಾವಣೆಯಾಗಿದ್ದು, ಔಷಧದ ಪ್ರಭಾವ ಇಳಿಯುವ ಮುನ್ನವೇ ಮಾತ್ರೆಗಳನ್ನು ಆರಂಭಿಸುವುದರಿಂದ ಇದನ್ನು ಬಹುಮಟ್ಟಿಗೆ ತಗ್ಗಿಸಬಹುದು.

ಮೊದಲ ಎರಡು ಮೂರು ದಿನಗಳಲ್ಲಿ ನೋವು ಹೆಚ್ಚಾಗಿದ್ದು, ಮುಂದಿನ ವಾರಗಳಲ್ಲಿ ಹಂತಹಂತವಾಗಿ ಇಳಿಯುತ್ತದೆ. ಆದರೆ ಪ್ರತಿದಿನವೂ ಹಿಂದಿನ ದಿನಕ್ಕಿಂತ ಕಡಿಮೆಯಾಗುತ್ತದೆ ಎಂದು ಭಾವಿಸಬಾರದು. ಹೆಚ್ಚು ನಡೆದ ದಿನ, ಹೊಸ ವ್ಯಾಯಾಮ ಮಾಡಿದ ದಿನ ಹಾಗೂ ರಾತ್ರಿಯ ವೇಳೆ ನೋವು ಕೊಂಚ ಹೆಚ್ಚುವುದುಂಟು. ಮಂಡಿಯ ಊತ ಮತ್ತು ಬಿಸಿ ಕೆಲವು ತಿಂಗಳವರೆಗೂ ಉಳಿಯಬಹುದು. ಸುಧಾರಣೆಯು ಸುಮಾರು ಒಂದು ವರ್ಷದವರೆಗೆ ಮುಂದುವರಿಯುತ್ತದೆ. ಸಾಮಾನ್ಯವಾಗಿ ಸೊಂಟದ ಕೀಲಿಗಿಂತ ಮಂಡಿ ಕೀಲಿನ ಶಸ್ತ್ರಚಿಕಿತ್ಸೆಯ ನಂತರದ ನೋವು ಹೆಚ್ಚು.

3. ನೋವು ನಿವಾರಣೆಯ ಉದ್ದೇಶ

ನೋವು ನಿವಾರಣೆ ಎಂದರೆ ರೋಗಿಗೆ ಸುಖನಿದ್ರೆ ಒದಗಿಸುವ ಒಂದು ಅನುಕೂಲ ಮಾತ್ರ ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಕೀಲು ಬದಲಿ ಶಸ್ತ್ರಚಿಕಿತ್ಸೆಯ ಮಟ್ಟಿಗೆ ಇದು ಸರಿಯಲ್ಲ. ಇಲ್ಲಿ ನೋವು ನಿವಾರಣೆಯು ಚಿಕಿತ್ಸೆಯ ಒಂದು ಅವಿಭಾಜ್ಯ ಅಂಗ. ನೋವು ಹತೋಟಿಯಲ್ಲಿದ್ದರೆ ಮಾತ್ರ ರೋಗಿಯು ಮಂಡಿಯನ್ನು ಮಡಚಲು, ಚಾಚಲು ಹಾಗೂ ವಾಕರ್ ಹಿಡಿದು ನಡೆಯಲು ಸಾಧ್ಯ. ನಡೆದಾಡಿದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆಯಾಗುತ್ತದೆ. ಆಳವಾಗಿ ಉಸಿರಾಡಿ ಕೆಮ್ಮಲು ಸಾಧ್ಯವಾದರೆ ಶ್ವಾಸಕೋಶದ ಸೋಂಕಿನ ಸಂಭವವೂ ತಗ್ಗುತ್ತದೆ.

ಮಂಡಿಯ ಚಲನೆಗೆ ಲೆಕ್ಕವಿದೆ. ಸಮತಟ್ಟಾದ ನೆಲದ ಮೇಲೆ ನಡೆಯಲು ಮಂಡಿಯು ಸುಮಾರು 65 ಡಿಗ್ರಿ ಮಡಚಬೇಕು. ಮೆಟ್ಟಿಲು ಹತ್ತಿಳಿಯಲು ಸುಮಾರು 85ರಿಂದ 90 ಡಿಗ್ರಿ, ಸಾಧಾರಣ ಎತ್ತರದ ಕುರ್ಚಿಯಿಂದ ಎದ್ದೇಳಲು ಸುಮಾರು 95 ಡಿಗ್ರಿ ಅಗತ್ಯ. ಮಡಚುವುದರಷ್ಟೇ ಮುಖ್ಯವಾದದ್ದು ಮಂಡಿಯನ್ನು ಪೂರ್ತಿ ನೇರವಾಗಿ ಚಾಚುವುದು. ಈ ಚಲನೆಯನ್ನು ಗಳಿಸಿಕೊಳ್ಳಲು ಮೊದಲ ಆರರಿಂದ ಹನ್ನೆರಡು ವಾರಗಳು ಅತ್ಯಮೂಲ್ಯ. ಆ ಅವಧಿಯು ನೋವಿನ ಭಯದಲ್ಲಿ ಕಳೆದುಹೋದರೆ ಒಳಗೆ ಗಾಯದ ಅಂಗಾಂಶವು ಬಿಗಿಯಾಗಿ ಕಟ್ಟಿಕೊಳ್ಳುತ್ತದೆ. ನಂತರ ಕೆಲವರಿಗೆ ಅರಿವಳಿಕೆ ನೀಡಿ ಮಂಡಿಯನ್ನು ಬಲವಂತವಾಗಿ ಮಡಚುವ ಕ್ರಮವನ್ನು ಕೈಗೊಳ್ಳಬೇಕಾಗುತ್ತದೆ.

ವಾರ್ಡುಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಸಂದರ್ಭವೊಂದನ್ನು ಇಲ್ಲಿ ಉದಾಹರಿಸಬಹುದು. ಬೆಳಿಗ್ಗೆ ವೈದ್ಯರು ಬಂದು ನೋವಿದೆಯೇ ಎಂದು ಕೇಳಿದಾಗ ಹಿರಿಯ ಮಹಿಳೆಯೊಬ್ಬರು "ಪರವಾಗಿಲ್ಲ ಡಾಕ್ಟ್ರೇ, ತಡ್ಕೋತೀನಿ" ಎನ್ನುತ್ತಾರೆ. ಮಲಗಿದ್ದಾಗ ನೋವು ಅಷ್ಟಾಗಿ ಇಲ್ಲದಿರುವುದರಿಂದ ಅದು ಸುಳ್ಳೂ ಅಲ್ಲ. ವೈದ್ಯರು ಔಷಧವನ್ನು ಹೆಚ್ಚಿಸದೆ ಮುಂದೆ ಹೋಗುತ್ತಾರೆ. ಒಂದು ಗಂಟೆಯ ನಂತರ ಫಿಸಿಯೋಥೆರಪಿಸ್ಟ್ ಬಂದು ಮಂಡಿ ಮಡಚಲು ಹೇಳಿದಾಗ ನೋವು ತಾಳಲಾಗದೆ ಅವರು "ನಾಳೆ ಮಾಡೋಣ" ಎನ್ನುತ್ತಾರೆ. ನಾಳೆಯೂ ಅದೇ ಮಾತು. ದಾಖಲೆಯಲ್ಲಿ "ರೋಗಿ ಸಹಕರಿಸಲಿಲ್ಲ" ಎಂದು ನಮೂದಾಗುತ್ತದೆ. ಇಲ್ಲಿ ಕೊರತೆಯಿದ್ದುದು ಸಹಕಾರದ್ದಲ್ಲ. ಅಲುಗಾಡಿದಾಗ ಬರುವ ನೋವನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಈ ಒಂದು ಮೌನದ ಬೆಲೆಯನ್ನು ಆ ಮಂಡಿಯು ಮುಂದೆ ವರ್ಷಗಟ್ಟಲೆ ತೆರಬೇಕಾಗಬಹುದು.

4. ಪ್ರಚಲಿತ ನಂಬಿಕೆಗಳು

ಕೆಳಕಂಡ ನಂಬಿಕೆಗಳಲ್ಲಿ ಹಲವು ಸಂಪೂರ್ಣ ನಿರಾಧಾರವೇನಲ್ಲ. ಪ್ರತಿಯೊಂದರಲ್ಲಿಯೂ ನಿಜವೆಷ್ಟು, ತಪ್ಪೆಷ್ಟು ಎಂಬುದನ್ನು ಬೇರ್ಪಡಿಸಿ ತಿಳಿಯುವುದು ಸೂಕ್ತ.

4.1 "ನೋವನ್ನು ಸಹಿಸಿಕೊಳ್ಳುವುದೇ ಒಳ್ಳೆಯದು"

ಸಹನೆ ಒಳ್ಳೆಯ ಗುಣವೆಂದು ನಮ್ಮಲ್ಲಿ ಭಾವಿಸಲಾಗಿದೆ. ಹೊಲದ ಕೆಲಸ, ಮನೆಗೆಲಸಗಳ ನಡುವೆ ವರ್ಷಗಟ್ಟಲೆ ಮಂಡಿ ನೋವನ್ನು ನುಂಗಿಕೊಂಡು ಬಂದವರಿಗೆ ನೋವೆಂದು ಬಾಯಿಬಿಟ್ಟು ಹೇಳುವುದೇ ಸಂಕೋಚದ ವಿಷಯ. ಕೆಲವರು ಶುಶ್ರೂಷಕಿಯರಿಗೆ ತೊಂದರೆ ಕೊಡಬಾರದೆಂದು ಸುಮ್ಮನಿರುತ್ತಾರೆ. ಪದೇಪದೇ ಹೇಳಿದರೆ ಬೇಸರಿಸಿಕೊಂಡಾರು ಎಂಬ ಅಂಜಿಕೆಯೂ ಇರುತ್ತದೆ. ಆದರೆ ಶರೀರದ ತಾಪವನ್ನು ಉಷ್ಣಮಾಪಕದಿಂದ ಅಳೆದಂತೆ ನೋವನ್ನು ಅಳೆಯುವ ಉಪಕರಣವಿಲ್ಲ. ರೋಗಿ ಹೇಳಿದ ಮಾತೇ ಅದರ ಅಳತೆ. ರೋಗಿಯು ಮೌನವಾಗಿದ್ದರೆ ವೈದ್ಯರಿಗೆ ನಿರ್ಧಾರ ಕೈಗೊಳ್ಳಲು ಬೇರೆ ಆಧಾರವೇ ಇರುವುದಿಲ್ಲ. ನೋವನ್ನು ತಿಳಿಸುವುದು ದೂರು ಹೇಳಿದಂತಲ್ಲ, ಚಿಕಿತ್ಸೆಗೆ ಬೇಕಾದ ಮಾಹಿತಿಯನ್ನು ಒದಗಿಸಿದಂತೆ.

4.2 "ನೋವು ತೀರಾ ಹೆಚ್ಚಾದ ಮೇಲೆ ಮಾತ್ರೆ ನುಂಗಿದರೆ ಸಾಕು"

ತಲೆನೋವಿನಂತಹ ಸಾಮಾನ್ಯ ತೊಂದರೆಗಳಿಗೆ ಈ ಕ್ರಮ ಸರಿಯಿರಬಹುದು. ಶಸ್ತ್ರಚಿಕಿತ್ಸೆಯ ನಂತರದ ಮೊದಲ ದಿನಗಳಿಗೆ ಇದು ಅನ್ವಯಿಸುವುದಿಲ್ಲ. ನುಂಗಿದ ಮಾತ್ರೆಯು ಕೆಲಸ ಆರಂಭಿಸಲು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ನೋವು ಏರಿದ ಮೇಲೆ ಅದನ್ನು ಇಳಿಸಲು ಹೆಚ್ಚು ಔಷಧ ಬೇಕಾಗುತ್ತದೆ ಮತ್ತು ಆ ಅವಧಿಯಲ್ಲಿ ವ್ಯಾಯಾಮವೂ ತಪ್ಪುತ್ತದೆ. ಆದುದರಿಂದ ವೈದ್ಯರು ಗಡಿಯಾರದ ಪ್ರಕಾರ ತೆಗೆದುಕೊಳ್ಳಲು ಬರೆದುಕೊಟ್ಟ ಮಾತ್ರೆಗಳನ್ನು ಅದೇ ಸಮಯಕ್ಕೆ ಸೇವಿಸತಕ್ಕದ್ದು. "ಅಗತ್ಯವಿದ್ದಲ್ಲಿ ಮಾತ್ರ" ಎಂದು ಬರೆದ ಮಾತ್ರೆಯು ಬೇರೆ. ಈ ಎರಡು ಬಗೆಗಳ ವ್ಯತ್ಯಾಸವನ್ನು ಮನೆಗೆ ತೆರಳುವ ಮುನ್ನ ಕೇಳಿ ತಿಳಿದುಕೊಳ್ಳಬೇಕು. ವ್ಯಾಯಾಮಕ್ಕೆ ಮುಕ್ಕಾಲು ಗಂಟೆ ಮುಂಚೆ ಮಾತ್ರೆಯ ಸಮಯ ಬರುವಂತೆ ಹೊಂದಿಸಿಕೊಳ್ಳುವುದು ಉಪಯುಕ್ತ.

4.3 "ನೋವಿನ ಮಾತ್ರೆ ಚಟವಾಗಿಬಿಡುತ್ತದೆ"

ಎಲ್ಲ ನೋವು ನಿವಾರಕಗಳೂ ಒಂದೇ ಬಗೆಯವಲ್ಲ. ಪ್ಯಾರಸಿಟಮಾಲ್ ಹಾಗೂ ಊತ ಇಳಿಸುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದ ಮಾತ್ರೆಗಳು ಚಟ ಹಿಡಿಸುವುದಿಲ್ಲ. ಟ್ರಮಡಾಲ್, ಮಾರ್ಫಿನ್ ಮುಂತಾದ ಓಪಿಯಾಡ್ ವರ್ಗದ ಔಷಧಗಳಲ್ಲಿ ಆ ಸಂಭವವಿದೆ. ಇದೇ ಕಾರಣಕ್ಕೆ ಟ್ರಮಡಾಲ್ ಔಷಧವನ್ನು 2018ರಲ್ಲಿ ಮಾದಕ ದ್ರವ್ಯ ಹಾಗೂ ಮನೋಪರಿಣಾಮಕಾರಿ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ತರಲಾಯಿತು. ಹಾಗಿದ್ದರೂ, ತೀವ್ರ ನೋವಿರುವ ಕೆಲವೇ ದಿನಗಳ ಮಟ್ಟಿಗೆ, ವೈದ್ಯರು ಸೂಚಿಸಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಚಟ ಅಂಟುವ ಸಂಭವ ಕಡಿಮೆ. ಅಪಾಯವು ಇರುವುದು ಅವಧಿ ಮುಗಿದ ಮೇಲೂ ಹಳೆಯ ಚೀಟಿ ತೋರಿಸಿ ಮುಂದುವರಿಸುವುದರಲ್ಲಿ, ನಿದ್ದೆ ಬರಲೆಂದು ಅಥವಾ ಬೇಸರ ಕಳೆಯಲೆಂದು ನುಂಗುವುದರಲ್ಲಿ. ಹಿಂದೆ ಮದ್ಯ ಅಥವಾ ಇತರ ಚಟವಿದ್ದವರು ಅದನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸಿದರೆ ಅದಕ್ಕೆ ತಕ್ಕ ಎಚ್ಚರಿಕೆ ವಹಿಸಲು ಸಾಧ್ಯವಾಗುತ್ತದೆ.

4.4 "ಈಗಲೇ ನುಂಗಿದರೆ ಮುಂದೆ ಮಾತ್ರೆ ಹಿಡಿಯುವುದಿಲ್ಲ"

ಔಷಧವನ್ನು ಮುಂದಿನ ಕಷ್ಟಕ್ಕೆಂದು ಕೂಡಿಟ್ಟುಕೊಳ್ಳಬೇಕು ಎಂಬ ಭಾವನೆ ಇದರ ಹಿಂದಿದೆ. ಓಪಿಯಾಡ್ ವರ್ಗದ ಔಷಧಗಳನ್ನು ದೀರ್ಘಕಾಲ ಬಳಸಿದಲ್ಲಿ ಮಾತ್ರ ಪರಿಣಾಮ ಕುಗ್ಗುವುದುಂಟು. ಕೆಲವು ದಿನಗಳ ಬಳಕೆಗೆ ಈ ಭಯ ಅನಗತ್ಯ. ನೋವು ನಿವಾರಣೆಯ ಅತಿ ಹೆಚ್ಚಿನ ಅಗತ್ಯವಿರುವುದು ಮೊದಲ ವಾರಗಳಲ್ಲಿಯೇ. ಆಗ ಬಳಸದೆ ಉಳಿಸಿದ ಮಾತ್ರೆಯಿಂದ ಮುಂದೆ ಪ್ರಯೋಜನವಿಲ್ಲ.

4.5 "ನೋವಿನ ಮಾತ್ರೆ ಮೂತ್ರಪಿಂಡವನ್ನು ಹಾಳುಮಾಡುತ್ತದೆ"

ಈ ನಂಬಿಕೆಯಲ್ಲಿ ಗಣನೀಯ ಸತ್ಯಾಂಶವಿದೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್, ಇಟೋರಿಕಾಕ್ಸಿಬ್ ಮುಂತಾದ ಊತ ಇಳಿಸುವ ಮಾತ್ರೆಗಳು ಮೂತ್ರಪಿಂಡದ ಕಾಯಿಲೆ, ಹೃದ್ರೋಗ ಅಥವಾ ಜಠರದ ಹುಣ್ಣು ಇರುವವರಿಗೆ ಹಾನಿಯುಂಟುಮಾಡಬಲ್ಲವು. ರಕ್ತದೊತ್ತಡದ ಕೆಲವು ಮಾತ್ರೆಗಳು ಹಾಗೂ ಮೂತ್ರ ಹೆಚ್ಚಿಸುವ ಮಾತ್ರೆಗಳೊಂದಿಗೆ ಸೇರಿದಾಗ ಮೂತ್ರಪಿಂಡದ ಮೇಲಿನ ಹೊರೆ ಇನ್ನೂ ಹೆಚ್ಚು. ಕೀಲು ಬದಲಿಯ ನಂತರ ರಕ್ತ ಹೆಪ್ಪುಗಟ್ಟದಂತೆ ಔಷಧ ನೀಡಲಾಗುವುದರಿಂದ, ಅದರ ಜೊತೆಗೆ ಈ ಮಾತ್ರೆಗಳು ಸೇರಿದರೆ ರಕ್ತಸ್ರಾವದ ಸಂಭವವೂ ಇದೆ. ಆದರೆ ಇದರ ಪರಿಹಾರವು ಎಲ್ಲ ನೋವು ನಿವಾರಕಗಳನ್ನು ತ್ಯಜಿಸುವುದಲ್ಲ. ರೋಗಿಯು ತನಗಿರುವ ಎಲ್ಲ ಕಾಯಿಲೆಗಳನ್ನು ಹಾಗೂ ಸೇವಿಸುತ್ತಿರುವ ಎಲ್ಲ ಔಷಧಗಳನ್ನು ತಿಳಿಸಿದರೆ, ವೈದ್ಯರು ರಕ್ತ ಪರೀಕ್ಷೆಯ ಆಧಾರದ ಮೇಲೆ ಸೂಕ್ತವಾದ ಬೇರೆ ಔಷಧವನ್ನು ಆಯ್ಕೆ ಮಾಡುತ್ತಾರೆ.

ಗಮನಿಸಬೇಕಾದ ಮತ್ತೊಂದು ಅಂಶವಿದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಐದಾರು ವರ್ಷ ಔಷಧದ ಅಂಗಡಿಯಿಂದ ತಾನಾಗಿಯೇ ಇದೇ ಮಾತ್ರೆಗಳನ್ನು ತಂದು ನುಂಗಿದವರು, ಶಸ್ತ್ರಚಿಕಿತ್ಸೆಯ ನಂತರ ವೈದ್ಯರ ಮೇಲ್ವಿಚಾರಣೆಯಲ್ಲಿ ಕೊಡುವ ಹತ್ತು ದಿನದ ಮಾತ್ರೆಗೆ ಹೆದರುವುದುಂಟು. ಅಪಾಯದ ಪಾಲು ಹೆಚ್ಚಾಗಿದ್ದುದು ಮೊದಲನೆಯದರಲ್ಲಿ.

4.6 "ಇಂಜೆಕ್ಷನ್ ಮಾತ್ರೆಗಿಂತ ಶಕ್ತಿಶಾಲಿ"

ರೋಗಿಯು ಬಾಯಿಂದ ಆಹಾರ ಸೇವಿಸಲು ಆರಂಭಿಸಿದ ನಂತರ ಬಹುತೇಕ ನೋವು ನಿವಾರಕಗಳು ಮಾತ್ರೆಯ ರೂಪದಲ್ಲಿಯೂ ಸಾಕಷ್ಟು ಕೆಲಸ ಮಾಡುತ್ತವೆ. ಇಂಜೆಕ್ಷನ್ ಮೂಲಕ ನೀಡಿದ ಮಾತ್ರಕ್ಕೆ ಹೊಟ್ಟೆಗಾಗಲಿ ಮೂತ್ರಪಿಂಡಕ್ಕಾಗಲಿ ಹಾನಿ ತಪ್ಪುವುದಿಲ್ಲ. ಇಂಜೆಕ್ಷನ್ ನಿಲ್ಲಿಸಿ ಮಾತ್ರೆ ಕೊಟ್ಟರೆಂದರೆ ಚಿಕಿತ್ಸೆಯನ್ನು ಕಡಿಮೆ ಮಾಡಿದರೆಂದು ಅರ್ಥವಲ್ಲ.

4.7 "ನೋವಿದ್ದಾಗ ಕಾಲನ್ನು ಅಲ್ಲಾಡಿಸಬಾರದು"

ಮೂಳೆ ಮುರಿದಾಗ ಕಟ್ಟು ಕಟ್ಟಿ ವಾರಗಟ್ಟಲೆ ಅಲುಗಾಡಿಸದೆ ಇಡುವ ಕ್ರಮವನ್ನು ಕಂಡವರಿಗೆ ಈ ನಂಬಿಕೆ ಸಹಜ. ಆದರೆ ಮುರಿದ ಮೂಳೆ ಬೇರೆ, ಬದಲಿಸಿದ ಕೀಲು ಬೇರೆ. ಹೊಸ ಕೀಲನ್ನು ಅಳವಡಿಸಿರುವುದೇ ಚಲನೆಗಾಗಿ. ಹಲವು ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ದಿನ ಅಥವಾ ಮರುದಿನವೇ ರೋಗಿಯನ್ನು ನಿಲ್ಲಿಸಿ ನಡೆಸಲಾಗುತ್ತದೆ. ವ್ಯಾಯಾಮದ ವೇಳೆ ಎಳೆತ ಮತ್ತು ಒಂದಿಷ್ಟು ನೋವು ಇರುತ್ತದೆ; ಅದರಿಂದ ಕೀಲು ಕಳಚುವುದಿಲ್ಲ, ಹೊಲಿಗೆ ಬಿಚ್ಚುವುದಿಲ್ಲ. ಸೊಂಟದ ಕೀಲು ಬದಲಿಸಿಕೊಂಡವರು ಮಾತ್ರ ಕಾಲಿನ ಮೇಲೆ ಕಾಲು ಹಾಕುವುದು, ತೀರಾ ಬಗ್ಗುವುದು ಮುಂತಾದ ಕೆಲವು ಭಂಗಿಗಳ ಬಗ್ಗೆ ತಮ್ಮ ವೈದ್ಯರು ನೀಡಿದ ನಿರ್ಬಂಧಗಳನ್ನು ಪಾಲಿಸಬೇಕು.

ಇದಕ್ಕೆ ವಿರುದ್ಧವಾಗಿ "ನೋವಾದಷ್ಟೂ ಒಳ್ಳೆಯದು" ಎಂದು ಅತಿಯಾಗಿ ಶ್ರಮಿಸುವುದೂ ಸರಿಯಲ್ಲ. ವ್ಯಾಯಾಮದ ನಂತರ ಹೆಚ್ಚಿದ ನೋವು ಕೆಲವು ಗಂಟೆಗಳಲ್ಲಿ ಮೊದಲಿನ ಮಟ್ಟಕ್ಕೆ ಇಳಿಯದೆ ಮರುದಿನವೂ ಹಾಗೆಯೇ ಉಳಿದರೆ, ಪ್ರಮಾಣವನ್ನು ತಗ್ಗಿಸುವ ಬಗ್ಗೆ ಫಿಸಿಯೋಥೆರಪಿಸ್ಟ್ ಅವರಲ್ಲಿ ವಿಚಾರಿಸಬೇಕು.

4.8 "ಮಂಡಿಯ ಕೆಳಗೆ ದಿಂಬು ಇಟ್ಟರೆ ಹಾಯಾಗಿರುತ್ತದೆ"

ಮಂಡಿಯನ್ನು ಸ್ವಲ್ಪ ಮಡಚಿ ಇಟ್ಟಾಗ ನೋವು ಕಡಿಮೆ ಎನಿಸುವುದು ನಿಜ. ಕುಟುಂಬದವರು ಅಕ್ಕರೆಯಿಂದ ದಿಂಬನ್ನು ಇಡುತ್ತಾರೆ. ಆದರೆ ಗಂಟೆಗಟ್ಟಲೆ ಹಾಗೆಯೇ ಇದ್ದರೆ ಮಂಡಿಯು ಮಡಚಿದ ಸ್ಥಿತಿಯಲ್ಲಿಯೇ ಬಿಗಿದುಕೊಂಡು, ಮುಂದೆ ಕಾಲು ನೇರವಾಗದೆ ಕುಂಟುವಂತಾಗುತ್ತದೆ. ದಿಂಬನ್ನು ಹಿಮ್ಮಡಿ ಮತ್ತು ಮೀನಖಂಡದ ಕೆಳಗೆ ಇಟ್ಟು, ಮಂಡಿ ನೇರವಾಗಿರುವಂತೆ ಕಾಲನ್ನು ಎತ್ತರಿಸುವುದು ಸರಿಯಾದ ವಿಧಾನ. ಇದರಿಂದ ಊತವೂ ಇಳಿಯುತ್ತದೆ.

4.9 "ಮಂಜುಗಡ್ಡೆಯಿಂದ ಶೀತವಾಗುತ್ತದೆ, ಬಿಸಿ ಶಾಖವೇ ಉತ್ತಮ"

ಕೀಲು ನೋವಿಗೆ ಎಣ್ಣೆ ನೀವಿ ಶಾಖ ಕೊಡುವುದು ಮನೆಮನೆಯಲ್ಲಿ ರೂಢಿಯಲ್ಲಿದೆ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ವಾರಗಳಲ್ಲಿ ಹೊಸ ಗಾಯದ ಮೇಲೆ ಶಾಖ ಕೊಟ್ಟರೆ ಊತ ಹೆಚ್ಚಬಹುದು. ಗಾಯದ ಸುತ್ತ ಚರ್ಮವು ಮರಗಟ್ಟಿರುವುದರಿಂದ ಸುಟ್ಟರೂ ತಿಳಿಯದು. ಈ ಅವಧಿಯಲ್ಲಿ ತಂಪು ಉಪಯುಕ್ತ. ಮಂಜುಗಡ್ಡೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಟ್ಟೆಯಲ್ಲಿ ಸುತ್ತಿ, ಒಂದು ಬಾರಿಗೆ 15ರಿಂದ 20 ನಿಮಿಷ ಮಂಡಿಯ ಮೇಲೆ ಇಡಬಹುದು. ಬರಿಯ ಮಂಜುಗಡ್ಡೆಯನ್ನು ಚರ್ಮಕ್ಕೆ ತಾಗಿಸಬಾರದು, ಗಾಯ ಒದ್ದೆಯಾಗಬಾರದು. ಗಾಯ ಪೂರ್ಣ ಮಾಗುವವರೆಗೆ ಎಣ್ಣೆ, ಮುಲಾಮು, ಸೊಪ್ಪಿನ ಪಟ್ಟು ಇತ್ಯಾದಿಗಳನ್ನು ಹಚ್ಚಕೂಡದು. ಕೃತಕ ಕೀಲಿಗೆ ಸೋಂಕು ತಗುಲಿದರೆ ಅದನ್ನು ಹೊರತೆಗೆಯಬೇಕಾದ ಪರಿಸ್ಥಿತಿಯೂ ಬರಬಹುದು.

4.10 "ನಂಜಿನ ಪದಾರ್ಥ ತಿಂದರೆ ನೋವು ಹೆಚ್ಚುತ್ತದೆ"

ಬದನೆಕಾಯಿ, ಆಲೂಗಡ್ಡೆ, ಬೇಳೆ, ಮೊಟ್ಟೆ ಮುಂತಾದವು ನಂಜು ಎಂದು ಹೇಳಿ ರೋಗಿಗೆ ವಾರಗಟ್ಟಲೆ ಬರೀ ಗಂಜಿ ಅಥವಾ ಬ್ರೆಡ್ ಕೊಡುವುದುಂಟು. ಈ ಆಹಾರಗಳಿಂದ ಗಾಯ ಕೀವಾಗುತ್ತದೆ ಅಥವಾ ನೋವು ಹೆಚ್ಚುತ್ತದೆ ಎನ್ನಲು ವೈದ್ಯಕೀಯ ಆಧಾರವಿಲ್ಲ. ಗಾಯ ಮಾಗಲು ಮತ್ತು ಸ್ನಾಯುಗಳಿಗೆ ಬಲ ಬರಲು ಬೇಳೆಕಾಳು, ಹಾಲು, ಮೊಸರು, ಮೊಟ್ಟೆ ಮುಂತಾದ ಪ್ರೋಟೀನ್‌ಯುಕ್ತ ಆಹಾರ ಅಗತ್ಯ. ಕೆಲವು ನೋವು ನಿವಾರಕಗಳಿಂದ ಮಲಬದ್ಧತೆ ಉಂಟಾಗುವುದರಿಂದ ಸೊಪ್ಪು, ತರಕಾರಿ, ರಾಗಿ ಹಾಗೂ ಸಾಕಷ್ಟು ನೀರು ಸೇವಿಸುವುದು ಒಳ್ಳೆಯದು. ಮಧುಮೇಹ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರು ಹೇಳಿದ ಪಥ್ಯವನ್ನು ಅನುಸರಿಸತಕ್ಕದ್ದು.

4.11 "ಇನ್ನೂ ನೋವಿದೆ ಎಂದರೆ ಶಸ್ತ್ರಚಿಕಿತ್ಸೆ ವಿಫಲವಾಗಿದೆ"

ಒಂದು ತಿಂಗಳಾದರೂ ನೋವು ಪೂರ್ತಿ ಹೋಗಿಲ್ಲವೆಂದು ನಿರಾಶರಾಗುವವರು ಬಹಳ. ಪಕ್ಕದ ಮನೆಯವರು ಹದಿನೈದು ದಿನಕ್ಕೆ ನಡೆದರೆಂಬ ಹೋಲಿಕೆಯು ಈ ನಿರಾಶೆಯನ್ನು ಹೆಚ್ಚಿಸುತ್ತದೆ. ಚೇತರಿಕೆಯ ವೇಗ ಎಲ್ಲರಲ್ಲೂ ಒಂದೇ ಇರುವುದಿಲ್ಲ. ಬಹುಪಾಲು ಜನರಲ್ಲಿ ನೋವು ಕ್ರಮೇಣ ಇಳಿದು ನಡೆದಾಟ ಸುಗಮವಾಗುತ್ತದೆ. ಆದರೆ ವಾಸ್ತವವನ್ನು ಮರೆಮಾಚಲಾಗದು. ಮಂಡಿ ಕೀಲು ಬದಲಿಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ, ಸೊಂಟದ ಕೀಲು ಬದಲಿಸಿಕೊಂಡವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಗಮನಾರ್ಹ ನೋವು ದೀರ್ಘಕಾಲ ಉಳಿಯುತ್ತದೆಂದು ಅಧ್ಯಯನಗಳು ತಿಳಿಸುತ್ತವೆ. ಅಂತಹ ನೋವಿಗೆ ಸೋಂಕು, ಕೀಲು ಸಡಿಲವಾಗಿರುವುದು, ನರದ ತೊಂದರೆ, ಬೆನ್ನುಮೂಳೆಯ ತೊಂದರೆ ಮುಂತಾದ ಬೇರೆಬೇರೆ ಕಾರಣಗಳಿರಬಹುದು. ಮೂರು ತಿಂಗಳ ನಂತರವೂ ನೋವು ಇಳಿಮುಖವಾಗದಿದ್ದಲ್ಲಿ "ಹಣೆಬರಹ" ಎಂದು ಸುಮ್ಮನಾಗದೆ, ಮರಳಿ ತಪಾಸಣೆಗೆ ಹೋಗತಕ್ಕದ್ದು.

5. ನೋವನ್ನು ತಿಳಿಸುವ ವಿಧಾನ

ಆಸ್ಪತ್ರೆಗಳಲ್ಲಿ ನೋವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕಿಗಳಲ್ಲಿ ಹೇಳುವಂತೆ ಕೇಳಲಾಗುತ್ತದೆ. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ಊಹಿಸಬಹುದಾದ ಅತಿ ತೀವ್ರ ನೋವು. ಹಿರಿಯರಿಗೆ ಈ ಲೆಕ್ಕ ಗೊಂದಲವೆನಿಸಿದರೆ ಆಣೆಯ ಲೆಕ್ಕದಲ್ಲಿ ಕೇಳಬಹುದು. 1957ರಲ್ಲಿ ದಶಮಾಂಶ ನಾಣ್ಯ ಪದ್ಧತಿ ಜಾರಿಗೆ ಬಂದಿದ್ದರೂ, "ರೂಪಾಯಿಗೆ ನಾಲ್ಕಾಣೆಯಷ್ಟು ವಾಸಿ" ಎಂದು ಹೇಳುವವರು ಈಗಲೂ ಇದ್ದಾರೆ. ನಿನ್ನೆ ಹನ್ನೆರಡಾಣೆಯಷ್ಟಿದ್ದ ನೋವು ಇಂದು ಎಂಟಾಣೆಗೆ ಇಳಿದಿದೆ ಎಂಬ ಮಾತು ವೈದ್ಯರಿಗೆ ಸ್ಪಷ್ಟ ಮಾಹಿತಿಯೇ ಆಗಿದೆ. ಯಾವ ಅಳತೆಯನ್ನು ಬಳಸಿದರೂ ಪ್ರತಿದಿನ ಅದೇ ಅಳತೆಯನ್ನು ಮುಂದುವರಿಸುವುದು ಮುಖ್ಯ.

ನೋವಿನ ಬಗ್ಗೆ ಹೇಳುವಾಗ ಕೆಳಕಂಡ ಅಂಶಗಳನ್ನು ತಿಳಿಸತಕ್ಕದ್ದು:

ಅ) ಮಲಗಿದ್ದಾಗ ಎಷ್ಟು, ಮಂಡಿ ಮಡಚಿದಾಗ ಅಥವಾ ನಡೆದಾಗ ಎಷ್ಟು ಎಂಬುದು ಬೇರೆಬೇರೆಯಾಗಿ.
ಆ) ನೋವು ಎಲ್ಲಿದೆ, ಚುಚ್ಚುವಂತಿದೆಯೇ, ಉರಿಯುವಂತಿದೆಯೇ, ಸೆಳೆಯುವಂತಿದೆಯೇ.
ಇ) ಮಾತ್ರೆ ನುಂಗಿದ ಮೇಲೆ ಎಷ್ಟು ಇಳಿಯಿತು, ಎಷ್ಟು ಹೊತ್ತು ಹಾಗೆ ಇತ್ತು.
ಈ) ರಾತ್ರಿ ನಿದ್ರೆ ಬಂದಿತೇ, ವ್ಯಾಯಾಮ ಮಾಡಲು ಸಾಧ್ಯವಾಯಿತೇ.
ಉ) ವಾಕರಿಕೆ, ತಲೆಸುತ್ತು, ಮಲಬದ್ಧತೆ, ಅತಿ ನಿದ್ರೆ ಮುಂತಾದ ತೊಂದರೆಗಳಿವೆಯೇ.

ಮನೆಯಲ್ಲಿ ಒಂದು ನೋಟ್ ಪುಸ್ತಕದಲ್ಲಿ ದಿನಾಂಕ, ಸಮಯ, ಮಾತ್ರೆಯ ಹೆಸರು ಮತ್ತು ನೋವಿನ ಅಳತೆಯನ್ನು ನಾಲ್ಕು ಕಲಂಗಳಲ್ಲಿ ಬರೆದಿಡುವುದು ಉತ್ತಮ. ಮಾತ್ರೆ ಎರಡು ಬಾರಿ ನುಂಗುವುದಾಗಲಿ, ಮರೆತುಬಿಡುವುದಾಗಲಿ ಇದರಿಂದ ತಪ್ಪುತ್ತದೆ. ರೋಗಿಗೆ ಬರೆಯಲು ಬಾರದಿದ್ದಲ್ಲಿ ಮನೆಯ ಒಬ್ಬರು ಈ ಜವಾಬ್ದಾರಿ ವಹಿಸಿಕೊಳ್ಳಬೇಕು.

6. ಔಷಧಗಳ ಬಗ್ಗೆ ಎಚ್ಚರಿಕೆಗಳು

ಇಂದಿನ ಕ್ರಮದಲ್ಲಿ ಒಂದೇ ಔಷಧವನ್ನು ಹೆಚ್ಚು ಪ್ರಮಾಣದಲ್ಲಿ ಕೊಡುವ ಬದಲು, ಬೇರೆಬೇರೆ ರೀತಿಯಲ್ಲಿ ಕೆಲಸ ಮಾಡುವ ಎರಡು ಮೂರು ಔಷಧಗಳನ್ನು ಕಡಿಮೆ ಪ್ರಮಾಣದಲ್ಲಿ ಸೇರಿಸಿ ಕೊಡಲಾಗುತ್ತದೆ. ಆದ್ದರಿಂದ ಚೀಟಿಯಲ್ಲಿ ಹಲವು ಮಾತ್ರೆಗಳಿದ್ದರೆ ಗಾಬರಿಯಾಗಬೇಕಿಲ್ಲ. ಆದರೆ ಅವುಗಳಲ್ಲಿ ಒಂದನ್ನು ಬಿಟ್ಟು ಮತ್ತೊಂದನ್ನು ಹೆಚ್ಚಿಸುವುದು ಅಪಾಯಕರ.

ಅ) ವಯಸ್ಕರು 24 ಗಂಟೆಗಳಲ್ಲಿ ಒಟ್ಟು 4 ಗ್ರಾಂಗಿಂತ ಹೆಚ್ಚು ಪ್ಯಾರಸಿಟಮಾಲ್ ಸೇವಿಸಬಾರದು. ಕಡಿಮೆ ತೂಕದವರಿಗೆ, ಯಕೃತ್ತಿನ ಕಾಯಿಲೆ ಇರುವವರಿಗೆ ಹಾಗೂ ಮದ್ಯಪಾನಿಗಳಿಗೆ ಈ ಮಿತಿ ಇನ್ನೂ ಕಡಿಮೆ. ಶೀತ ಜ್ವರದ ಮಾತ್ರೆಗಳಲ್ಲಿ ಹಾಗೂ ಇತರ ನೋವಿನ ಮಾತ್ರೆಗಳಲ್ಲಿಯೂ ಪ್ಯಾರಸಿಟಮಾಲ್ ಬೆರೆತಿರುವುದರಿಂದ ಪೊಟ್ಟಣದ ಮೇಲಿನ ವಿವರವನ್ನು ನೋಡಿ ಲೆಕ್ಕ ಹಾಕತಕ್ಕದ್ದು.
ಆ) ಊತ ಇಳಿಸುವ ಎರಡು ಬಗೆಯ ಮಾತ್ರೆಗಳನ್ನು ಒಟ್ಟಿಗೆ ಸೇವಿಸಬಾರದು. ಹಳೆಯ ಚೀಟಿಯಲ್ಲಿದ್ದ ಮಾತ್ರೆಯನ್ನು ಹೊಸದರೊಂದಿಗೆ ಮುಂದುವರಿಸಕೂಡದು.
ಇ) ಟ್ರಮಡಾಲ್ ಮುಂತಾದ ಔಷಧಗಳನ್ನು ಮದ್ಯ ಅಥವಾ ನಿದ್ರೆ ಮಾತ್ರೆಯೊಂದಿಗೆ ಸೇವಿಸಬಾರದು. ಮೂರ್ಛೆ ರೋಗವಿರುವವರು ಮತ್ತು ಮಾನಸಿಕ ಖಿನ್ನತೆಗೆ ಮಾತ್ರೆ ಸೇವಿಸುತ್ತಿರುವವರು ಅದನ್ನು ಮುಂಚಿತವಾಗಿಯೇ ತಿಳಿಸಬೇಕು.
ಈ) ತಲೆಸುತ್ತು ತರುವ ಮಾತ್ರೆ ಸೇವಿಸುವ ಅವಧಿಯಲ್ಲಿ ಹಿರಿಯರು ರಾತ್ರಿ ಶೌಚಾಲಯಕ್ಕೆ ಒಬ್ಬರೇ ಹೋಗಬಾರದು. ಹೊಸ ಕೀಲಿನೊಂದಿಗೆ ಬೀಳುವುದು ಗಂಭೀರ ಅನಾಹುತಕ್ಕೆ ಕಾರಣವಾಗಬಹುದು.
ಉ) ಒಬ್ಬರಿಗೆ ಬರೆದ ಮಾತ್ರೆಯನ್ನು ಇನ್ನೊಬ್ಬರು ಸೇವಿಸಬಾರದು. ಉಳಿದ ಮಾತ್ರೆಗಳು ಮಕ್ಕಳ ಕೈಗೆ ಸಿಗದಂತೆ ಎಚ್ಚರ ವಹಿಸಬೇಕು.

7. ಯೋಜನೆಗಳ ಫಲಾನುಭವಿಗಳ ಗಮನಕ್ಕೆ

ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯು 2018ರಿಂದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಅನುಷ್ಠಾನಗೊಂಡಿರುತ್ತದೆ. ಯಾವ ಚಿಕಿತ್ಸೆಯು ಯಾವ ಆಸ್ಪತ್ರೆಯಲ್ಲಿ ಲಭ್ಯವಿದೆ ಮತ್ತು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯವೇ ಎಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರಿಂದ ಮುಂಚಿತವಾಗಿ ಖಚಿತಪಡಿಸಿಕೊಳ್ಳತಕ್ಕದ್ದು. ಆಯುಷ್ಮಾನ್ ಭಾರತ್ ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆಯ ನಿಯಮಗಳಂತೆ, ಚಿಕಿತ್ಸಾ ಪ್ಯಾಕೇಜಿನಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ ನಂತರದ 15 ದಿನಗಳವರೆಗಿನ ಔಷಧಗಳೂ ಸೇರಿರುತ್ತವೆ. ಹಣದ ಅಭಾವದಿಂದ ಮಾತ್ರೆಗಳನ್ನು ಅರ್ಧಕ್ಕೆ ನಿಲ್ಲಿಸುವ ಅಥವಾ ಒಂದು ಮಾತ್ರೆಯನ್ನು ಎರಡು ದಿನಕ್ಕೆ ಹಂಚಿಕೊಳ್ಳುವ ಫಲಾನುಭವಿಗಳು ಈ ಅಂಶವನ್ನು ವಿಶೇಷವಾಗಿ ಗಮನಿಸುವುದು. ಆ ಅವಧಿಯ ನಂತರ ಔಷಧ ಮುಂದುವರಿಸಬೇಕಾದಲ್ಲಿ, ಜನೌಷಧಿ ಕೇಂದ್ರಗಳಲ್ಲಿ ಜೆನೆರಿಕ್ ಔಷಧಗಳು ಕಡಿಮೆ ಬೆಲೆಗೆ ದೊರೆಯುತ್ತವೆ.

ಶಸ್ತ್ರಚಿಕಿತ್ಸೆಗೆ ದಾಖಲಾಗುವ ಮುನ್ನ ವೈದ್ಯರಲ್ಲಿ ಕೇಳಬಹುದಾದ ಪ್ರಶ್ನೆಗಳು:

ಅ) ಯಾವ ಬಗೆಯ ಅರಿವಳಿಕೆ ನೀಡಲಾಗುವುದು, ಅದರ ಪ್ರಭಾವ ಎಷ್ಟು ಹೊತ್ತು ಇರುವುದು?
ಆ) ರಾತ್ರಿ ವೇಳೆ ನೋವು ಹೆಚ್ಚಾದರೆ ಯಾರನ್ನು ಕರೆಯಬೇಕು?
ಇ) ಈಗ ಸೇವಿಸುತ್ತಿರುವ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ಮಾತ್ರೆಗಳಲ್ಲಿ ಯಾವುದನ್ನು ನಿಲ್ಲಿಸಬೇಕು?
ಈ) ಮನೆಯಲ್ಲಿ ವ್ಯಾಯಾಮವನ್ನು ಯಾರು ಹೇಳಿಕೊಡುವರು?

ಬಿಡುಗಡೆಯ ದಿನ ಡಿಸ್ಚಾರ್ಜ್ ಸಮರಿ, ಮಾತ್ರೆಗಳ ಹೆಸರು, ಪ್ರಮಾಣ, ಸಮಯ ಮತ್ತು ನಿಲ್ಲಿಸಬೇಕಾದ ದಿನಾಂಕ, ಮರುತಪಾಸಣೆಯ ದಿನಾಂಕ ಇವಿಷ್ಟನ್ನೂ ಬರವಣಿಗೆಯಲ್ಲಿ ಪಡೆದುಕೊಳ್ಳತಕ್ಕದ್ದು. ಇಂಗ್ಲಿಷ್‌ನಲ್ಲಿರುವ ಚೀಟಿಯನ್ನು ಶುಶ್ರೂಷಕಿ ಅಥವಾ ಔಷಧ ವಿತರಕರಿಂದ ಕನ್ನಡದಲ್ಲಿ ವಿವರಿಸಿಕೊಂಡು ಪ್ರತಿ ಮಾತ್ರೆಯ ಮುಂದೆ ಬರೆದಿಟ್ಟುಕೊಳ್ಳುವುದು ಸೂಕ್ತ.

8. ತಕ್ಷಣ ಆಸ್ಪತ್ರೆಯನ್ನು ಸಂಪರ್ಕಿಸಬೇಕಾದ ಸಂದರ್ಭಗಳು

ಎಲ್ಲ ನೋವೂ ಸಹಜವಾದುದಲ್ಲ. ಕೆಳಕಂಡ ಲಕ್ಷಣಗಳು ಕಂಡುಬಂದಲ್ಲಿ ಮನೆಯಲ್ಲಿ ಮಾತ್ರೆ ಹೆಚ್ಚಿಸಿ ಕಾಯುತ್ತಾ ಕೂರಬಾರದು:

ಅ) ಕಡಿಮೆಯಾಗುತ್ತಿದ್ದ ನೋವು ಇದ್ದಕ್ಕಿದ್ದಂತೆ ತೀವ್ರವಾಗುವುದು, ಅಥವಾ ಕಾಲೂರಲು ಸಾಧ್ಯವಾಗದಿರುವುದು.
ಆ) ಜ್ವರ, ಚಳಿ ನಡುಕ, ಗಾಯ ಕೆಂಪೇರುವುದು, ಕೀವು ಅಥವಾ ನೀರು ಸೋರುವುದು.
ಇ) ಮೀನಖಂಡದಲ್ಲಿ ನೋವು, ಬಿಗಿತ ಮತ್ತು ಒಂದೇ ಕಾಲಿನಲ್ಲಿ ಹೆಚ್ಚಿದ ಊತ.
ಈ) ಎದೆನೋವು, ಉಸಿರಾಟದ ತೊಂದರೆ.
ಉ) ಕಪ್ಪು ಬಣ್ಣದ ಮಲ, ರಕ್ತವಾಂತಿ, ಮೂತ್ರದ ಪ್ರಮಾಣ ತೀರಾ ಕಡಿಮೆಯಾಗುವುದು.
ಊ) ಎಬ್ಬಿಸಿದರೂ ಎಚ್ಚರವಾಗದಷ್ಟು ಮಂಪರು, ಗೊಂದಲದ ಮಾತು.

ಎದೆನೋವು, ಉಸಿರಾಟದ ತೊಂದರೆ, ರಕ್ತವಾಂತಿ ಅಥವಾ ಮಂಪರು ಇದ್ದಲ್ಲಿ ವಿಳಂಬ ಮಾಡದೆ 108 ಆಂಬ್ಯುಲೆನ್ಸ್ ಸೇವೆಗೆ ಕರೆ ಮಾಡತಕ್ಕದ್ದು.

9. ಸಾರಾಂಶ

ಕೀಲು ಬದಲಿ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರ ಕೆಲಸವು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಉಳಿದ ಕೆಲಸವು ರೋಗಿಯದು ಮತ್ತು ಅವರ ಮನೆಯವರದು. ಅದು ವಾರಗಟ್ಟಲೆ ನಡೆಯುತ್ತದೆ. ನೋವನ್ನು ಹತೋಟಿಯಲ್ಲಿಟ್ಟುಕೊಂಡು ಮಂಡಿಯನ್ನು ಮಡಚುವುದು ಈ ಕೆಲಸದ ತಿರುಳು. ಆದ್ದರಿಂದ ನೋವಿದ್ದಲ್ಲಿ ಹೇಳುವುದು, ಸಮಯಕ್ಕೆ ಸರಿಯಾಗಿ ಔಷಧ ಸೇವಿಸುವುದು, ಅವಧಿ ಮುಗಿದ ನಂತರ ನಿಲ್ಲಿಸುವುದು ಹಾಗೂ ಸಂದೇಹ ಬಂದಾಗ ನೆರೆಹೊರೆಯವರ ಬದಲು ವೈದ್ಯರನ್ನು ಕೇಳುವುದು, ಈ ನಾಲ್ಕು ಅಂಶಗಳನ್ನು ಪಾಲಿಸುವಂತೆ ಅರ್ಜಿದಾರರನ್ನು ಹಾಗೂ ಅವರ ಆರೈಕೆದಾರರನ್ನು ಕೋರಲಾಗಿದೆ.

ಸೂಚನೆ: ಈ ಪುಟದಲ್ಲಿನ ವಿವರಗಳು ಸಾರ್ವಜನಿಕರ ಸಾಮಾನ್ಯ ತಿಳುವಳಿಕೆಗಾಗಿ ಮಾತ್ರ. ಇವು ಚಿಕಿತ್ಸೆ ನೀಡುತ್ತಿರುವ ವೈದ್ಯರ ಸಲಹೆಗೆ ಪರ್ಯಾಯವಲ್ಲ. ವೈದ್ಯರ ಸೂಚನೆಯು ಇದಕ್ಕಿಂತ ಭಿನ್ನವಾಗಿದ್ದಲ್ಲಿ ವೈದ್ಯರ ಸೂಚನೆಯನ್ನೇ ಪಾಲಿಸತಕ್ಕದ್ದು.